ಒಳಾಂಗಣ ಸೈಕಲ್ ವ್ಯಾಯಾಮ ಮತ್ತು ಯುವತಿಯರ ರಕ್ತನಾಳಗಳು

ನೆಲಕ್ಕೆ ಊರಿ ನಿಂತ, ಚಕ್ರಕ್ಕೆ ಬೇಕಾದಷ್ಟು ತಡೆ ಕೊಡಬಹುದಾದ ಸೈಕಲ್ಲನ್ನು ಮನೆಯಲ್ಲೋ ಜಿಮ್ಮಿನಲ್ಲೋ ತುಳಿಯುವುದಕ್ಕೆ ಒಳಾಂಗಣ ಸೈಕಲ್ ವ್ಯಾಯಾಮ ಎಂದು ಹೆಸರು. ಇಂದು ಇದು ತೂಕ ಇಳಿಸುವ ಸಾಧನವಾಗಿ ಪರಿಚಿತವಾದರೂ ವಿಜ್ಞಾನದಲ್ಲಿ ಇದರ ಮೊದಲ ಉಪಯೋಗ ಅಳತೆಗಾಗಿತ್ತು. ಡೆನ್ಮಾರ್ಕಿನ ಶರೀರಕ್ರಿಯಾವಿಜ್ಞಾನಿ ಆಗಸ್ಟ್ ಕ್ರೋಗ್ 1913ರಲ್ಲಿ ವಿದ್ಯುತ್ಕಾಂತದ ತಡೆಯಿದ್ದ ಸೈಕಲ್ ಎರ್ಗೋಮೀಟರ್ ಒಂದನ್ನು ವಿವರಿಸಿದರು. ತುಳಿಯುವವರ ಸ್ನಾಯುಗಳು ಎಷ್ಟು ಕೆಲಸ ಮಾಡಿದವೆಂಬುದನ್ನು ಅದು ನಿಖರವಾಗಿ ತಿಳಿಸುತ್ತಿತ್ತು. ಕ್ರೋಗ್ ಅವರಿಗೆ 1920ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಲೋಮನಾಳಗಳ ಕೆಲಸಕ್ಕೆ: ಸ್ನಾಯು ದುಡಿಯುವಾಗ ಅದರೊಳಗಿನ ಅತಿ ಸಣ್ಣ ರಕ್ತನಾಳಗಳು ಹೇಗೆ ತೆರೆದುಕೊಳ್ಳುತ್ತವೆಂದು ತೋರಿಸಿದ್ದಕ್ಕೆ. ಸೈಕಲ್ಲಿಗೂ ರಕ್ತನಾಳಕ್ಕೂ ನಂಟು ಹೀಗೆ ಶತಮಾನಕ್ಕೂ ಹಳೆಯದು. ಅಮೆರಿಕದಲ್ಲಿ ಜಾನಿ ಗೋಲ್ಡ್‌ಬರ್ಗ್ 1980ರ ದಶಕದ ಕೊನೆಯಲ್ಲಿ ಆರಂಭಿಸಿದ 'ಸ್ಪಿನ್ನಿಂಗ್' ತರಗತಿಗಳಿಂದ ಈ ಯಂತ್ರ ಸಂಗೀತ, ಬೋಧಕ, ಗುಂಪು ಎಲ್ಲವನ್ನೂ ಸೇರಿಸಿಕೊಂಡು ಜನಪ್ರಿಯವಾಯಿತು. ಇಂಥ ತರಗತಿಗಳಿಗೆ ಯುವತಿಯರೂ ಬರುತ್ತಾರೆ. ಅವರ ರಕ್ತನಾಳಗಳಿಗೆ ಇದರಿಂದ ಏನಾಗುತ್ತದೆ ಎಂಬ ಪ್ರಶ್ನೆಗೆ ಸಿಗುವ ಉತ್ತರ ಮೇಲ್ನೋಟಕ್ಕೆ ನಿರಾಶಾದಾಯಕ: ಎಂಟು ವಾರ ತುಳಿದ ಮೇಲೆ ಅಳೆದರೆ ಬದಲಾವಣೆ ಅಲ್ಪ, ಕೆಲವೊಮ್ಮೆ ಶೂನ್ಯ. ಈ ಅಲ್ಪ ಅಂಕಿಯನ್ನು ವ್ಯಾಯಾಮದ ಸೋಲೆಂದು ಓದುವುದು ತಪ್ಪು. ಯುವತಿಯರಲ್ಲಿ ಲಾಭವನ್ನು ಹುಡುಕಬೇಕಾದದ್ದು ಬೇರೆ ಕಡೆ.

ಮೊದಲು ಕಾರ್ಯವಿಧಾನ. ಅಪಧಮನಿಯ ಒಳಗೋಡೆಗೆ ಒಂದೇ ಒಂದು ಪದರ ಜೀವಕೋಶಗಳ ಪೊರೆ ಇದೆ; ವೈದ್ಯರು ಅದನ್ನು ಎಂಡೋಥೀಲಿಯಂ ಎನ್ನುತ್ತಾರೆ. ಬಹುಕಾಲ ಅದನ್ನು ಕೇವಲ ಅಸ್ತರ ಎಂದೇ ಭಾವಿಸಲಾಗಿತ್ತು. ರಾಬರ್ಟ್ ಫರ್ಚ್‌ಗಾಟ್ ಮತ್ತು ಜಾನ್ ಜವಾಡ್ಸ್ಕಿ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಪೊರೆಯನ್ನು ಉಜ್ಜಿ ತೆಗೆದ ಮೊಲದ ಮಹಾಪಧಮನಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಸಡಿಲಗೊಳ್ಳಲೇ ಇಲ್ಲ. ಪೊರೆ ಉಳಿದಿದ್ದ ತುಂಡು ಸಡಿಲಗೊಂಡಿತು. ನಾಳವನ್ನು ಸಡಿಲಿಸಲು ಪೊರೆ ಹೊರಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಆಮೇಲೆ ಗೊತ್ತಾಯಿತು, 1998ರ ನೊಬೆಲ್ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಅವರಿಗೆ ಸಂದಿತು. ಕೆಲವೇ ಕ್ಷಣ ಬದುಕುವ ಈ ಅನಿಲ ಪಕ್ಕದ ನಯಸ್ನಾಯುವನ್ನು ಸಡಿಲಿಸುತ್ತದೆ, ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಗೋಡೆಯಲ್ಲಿ ಉರಿಯೂತವನ್ನು ತಗ್ಗಿಸುತ್ತದೆ. ಇದನ್ನು ತಯಾರಿಸುವ ಕಿಣ್ವಕ್ಕೆ ಚುರುಕು ಮುಟ್ಟಿಸುವ ಮುಖ್ಯ ಸಂಕೇತವೆಂದರೆ ಹರಿಯುವ ರಕ್ತ ಪೊರೆಯನ್ನು ಉಜ್ಜಿಕೊಂಡು ಹೋಗುವಾಗಿನ ಎಳೆತ, ಅಂದರೆ ಘರ್ಷಣ ಒತ್ತಡ. ಸೈಕಲ್ ತುಳಿಯುವಾಗ ತೊಡೆ, ಪೃಷ್ಠ, ಮೀನಖಂಡಗಳ ದೊಡ್ಡ ಸ್ನಾಯುಗಳು ಒಟ್ಟಿಗೆ ದುಡಿಯುತ್ತವೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ನೂಕುವ ಹೃದಯ ಆಗ ಅದರ ಮೂರು ಪಟ್ಟಿಗೂ ಹೆಚ್ಚು ನೂಕಬೇಕಾಗುತ್ತದೆ, ಅದರ ಬಹುಪಾಲು ಕಾಲಿಗೇ ಹರಿಯುತ್ತದೆ. ತೊಡೆಯ ಅಪಧಮನಿಯ ಒಳಪೊರೆಗೆ ಇಷ್ಟು ಜೋರಾದ ಸಂಕೇತ ದಿನಚರಿಯಲ್ಲಿ ಸಿಗುವುದು ಅಪರೂಪ.

ಈ ಎಳೆತವೇ ಕಾರಣ, ಜೊತೆಗೆ ಬಂದದ್ದಲ್ಲ ಎಂಬುದಕ್ಕೆ ಚೊಕ್ಕ ಪುರಾವೆ ಇದೆ. ಲಿವರ್‌ಪೂಲಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವಕರು ಎಂಟು ವಾರ ಎರಡೂ ಕೈಗಳಿಂದ ಒಂದೇ ಸಮನೆ ಹಿಡಿತದ ವ್ಯಾಯಾಮ ಮಾಡಿದರು. ಒಂದು ಮುಂಗೈಗೆ ಮಾತ್ರ ಗಾಳಿ ತುಂಬಿದ ಪಟ್ಟಿ ಬಿಗಿದು ರಕ್ತದ ಹರಿವು ಏರದಂತೆ ತಡೆಯಲಾಗಿತ್ತು. ಸ್ನಾಯು ಮಾಡಿದ ಕೆಲಸ ಎರಡರಲ್ಲೂ ಒಂದೇ ಆದರೂ ರಕ್ತನಾಳದ ಗುಣ ಸುಧಾರಿಸಿದ್ದು ಪಟ್ಟಿಯಿಲ್ಲದ ಕೈಯಲ್ಲಿ ಮಾತ್ರ. ಹೃದ್ರೋಗ ಇದ್ದವರಲ್ಲಂತೂ ಇದರ ಫಲ ನೇರವಾಗಿ ಕಂಡಿದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ರೈನರ್ ಹಂಬ್ರೆಖ್ಟ್ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದಂತೆ, ನಾಲ್ಕು ವಾರ ಸೈಕಲ್ ಎರ್ಗೋಮೀಟರ್ ಮತ್ತು ರೋಯಿಂಗ್ ಯಂತ್ರಗಳ ಮೇಲೆ ದುಡಿದ ರೋಗಿಗಳಲ್ಲಿ ಹೃದಯದ ಅಪಧಮನಿ ಅಸಿಟೈಲ್‌ಕೋಲಿನ್‌ಗೆ ಅಸಹಜವಾಗಿ ಮುದುಡುವುದು ಅರ್ಧಕ್ಕರ್ಧ ಇಳಿಯಿತು. ಮೂರು ವರ್ಷಗಳ ಬಳಿಕ ಅದೇ ತಂಡ, ಬೈಪಾಸ್ ಶಸ್ತ್ರಕ್ರಿಯೆಗೆ ಹೊರಟಿದ್ದವರ ಎದೆಯ ಅಪಧಮನಿಯ ತುಣುಕುಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವೇ ವ್ಯಾಯಾಮದಿಂದ ಹೆಚ್ಚಿದ್ದನ್ನು ತೋರಿಸಿತು. ಕಾಲು ತುಳಿದದ್ದಕ್ಕೆ ಎದೆಯ ನಾಳ ಉತ್ತರಿಸಿತ್ತು. ಪರಿಣಾಮ ಇಡೀ ದೇಹದ್ದು.

ಯುವತಿಯರ ವಿಷಯಕ್ಕೆ ಬಂದಾಗ ತೊಡಕು ಆರಂಭವಾಗುವುದು ಅಳತೆಯ ವಿಧಾನದಿಂದಲೇ. 1992ರಲ್ಲಿ ಡೇವಿಡ್ ಸೆಲರ್‌ಮೇಜರ್ ಮತ್ತು ಸಂಗಡಿಗರು ಜನಪ್ರಿಯಗೊಳಿಸಿದ ಪರೀಕ್ಷೆಯಲ್ಲಿ ಪಟ್ಟಿಯನ್ನು ಐದು ನಿಮಿಷ ಬಿಗಿದು ಕೈಗೆ ರಕ್ತ ನಿಲ್ಲಿಸಿ, ಸಡಿಲಿಸಿದ ಕೂಡಲೇ ನುಗ್ಗುವ ರಕ್ತಕ್ಕೆ ತೋಳಿನ ಅಪಧಮನಿ ಎಷ್ಟು ಹಿಗ್ಗುತ್ತದೆಂದು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಒಳಪೊರೆ ಆರೋಗ್ಯವಾಗಿದ್ದಷ್ಟೂ ಹಿಗ್ಗುವಿಕೆ ಹೆಚ್ಚು. ಆರೋಗ್ಯವಂತ ಯುವತಿಯ ತೋಳಿನಲ್ಲಿ ಇದು ಆರಂಭದಲ್ಲೇ ಚೆನ್ನಾಗಿರುತ್ತದೆ. ಈಸ್ಟ್ರೊಜೆನ್ ಅದೇ ಕಿಣ್ವವನ್ನು ಚುರುಕುಗೊಳಿಸುವುದೂ ಇದಕ್ಕೊಂದು ಕಾರಣ. ಸೆಲರ್‌ಮೇಜರ್ ತಂಡ 1994ರಲ್ಲಿ ಕಂಡಂತೆ ಗಂಡಸರಲ್ಲಿ ಈ ಗುಣ ನಲವತ್ತರ ಸುಮಾರಿಗೇ ಇಳಿಯತೊಡಗಿದರೆ ಹೆಂಗಸರಲ್ಲಿ ಐವತ್ತರ ಆಸುಪಾಸಿನವರೆಗೆ ಬಹುಮಟ್ಟಿಗೆ ಉಳಿದುಕೊಂಡು, ಮುಟ್ಟು ನಿಲ್ಲುವ ಹೊತ್ತಿಗೆ ಬೇಗಬೇಗ ಕುಸಿಯುತ್ತದೆ. ಮೂರು ಗಂಟೆ ಕದಲದೆ ಕೂರಿಸಿದಾಗ ಯುವಕರ ಮಂಡಿ ಹಿಂದಿನ ಅಪಧಮನಿಯ ಪ್ರತಿಕ್ರಿಯೆ ಕುಗ್ಗಿ, ಯುವತಿಯರದು ಕುಗ್ಗದೆ ಉಳಿದದ್ದನ್ನು 2017ರ ಅಮೆರಿಕನ್ ಅಧ್ಯಯನವೊಂದು ದಾಖಲಿಸಿದೆ. ಆಗಲೇ ಸುಸ್ಥಿತಿಯಲ್ಲಿರುವ ನಾಳದಲ್ಲಿ ಎಂಟು ವಾರಗಳ ವ್ಯಾಯಾಮ ದೊಡ್ಡ ಏರಿಕೆ ತರಲಾರದು. ಏರಲು ಜಾಗವಿರಬೇಕಲ್ಲ!

ಇದಕ್ಕಿಂತ ಸ್ವಾರಸ್ಯದ ಇನ್ನೊಂದು ಕಾರಣವಿದೆ, ಅದು ಕಾಲದ್ದು. ಲಿವರ್‌ಪೂಲಿನ ಅದೇ ಬಳಗ 2008ರಲ್ಲಿ ಯುವಕರಿಗೆ ಎಂಟು ವಾರ ತರಬೇತಿ ಕೊಟ್ಟು ಎರಡೆರಡು ವಾರಕ್ಕೊಮ್ಮೆ ಅಳೆಯಿತು. ಎರಡನೆಯ ವಾರದ ಹೊತ್ತಿಗೆ ಹಿಗ್ಗುವ ಗುಣ ಏರಿತ್ತು. ಎಂಟನೆಯ ವಾರಕ್ಕೆ ಮೊದಲಿನ ಮಟ್ಟಕ್ಕೆ ಮರಳಿತ್ತು. ಅಷ್ಟರಲ್ಲಿ ನಾಳ ಗರಿಷ್ಠವಾಗಿ ಹಿಗ್ಗಬಲ್ಲ ಸಾಮರ್ಥ್ಯ ಮಾತ್ರ ಒಂದೇ ಸಮನೆ ಬೆಳೆಯುತ್ತ ಹೋಗಿತ್ತು. ಮೊದಮೊದಲು ಒಳಪೊರೆ ರಾಸಾಯನಿಕವಾಗಿ ಹೆಚ್ಚು ದುಡಿದು ಎಳೆತವನ್ನು ಸರಿದೂಗಿಸುತ್ತದೆ. ಬರಬರುತ್ತ ನಾಳವೇ ಅಗಲಗೊಳ್ಳುತ್ತದೆ. ಅಗಲವಾದ ನಾಳದಲ್ಲಿ ಅಷ್ಟೇ ರಕ್ತ ಹರಿದರೂ ಗೋಡೆಯ ಮೇಲಿನ ಎಳೆತ ಕಡಿಮೆ, ಆದ್ದರಿಂದ ರಾಸಾಯನಿಕ ದುಡಿಮೆಯ ಅಗತ್ಯವೂ ಕಡಿಮೆ. ನುರಿತ ಕ್ರೀಡಾಪಟುಗಳ ಅಪಧಮನಿಗಳು ಅಗಲವಾಗಿದ್ದರೂ ಶೇಕಡಾವಾರು ಹಿಗ್ಗುವಿಕೆಯಲ್ಲಿ ಸಾಮಾನ್ಯರನ್ನು ಮೀರದಿರುವುದು ಈ ಕಾರಣಕ್ಕೇ. ಸೈಕಲ್ ಪಟುಗಳಲ್ಲಿ ತೊಡೆಯ ಅಪಧಮನಿ, ಟೆನಿಸ್ ಪಟುಗಳಲ್ಲಿ ರ‍್ಯಾಕೆಟ್ ಹಿಡಿಯುವ ಕೈಯ ಅಪಧಮನಿ ದೊಡ್ಡದಾಗಿರುವುದೂ ಹೀಗೆಯೇ. ತರಬೇತಿಯ ಕೊನೆಯಲ್ಲಿ ಒಂದೇ ಬಾರಿ ಅಳೆದು 'ಪರಿಣಾಮವಿಲ್ಲ' ಎಂದು ಬರೆಯುವ ಪ್ರಬಂಧಗಳು ಮೊದಲ ಅಧ್ಯಾಯವನ್ನು ಹಾರಿಸಿ ಎರಡನೆಯದನ್ನು ತಪ್ಪಾಗಿ ಓದುತ್ತವೆ ಎಂದೇ ಹೇಳಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜ: ಹೇಳಿದ ಪುರಾವೆಗಳಲ್ಲಿ ಹೆಚ್ಚಿನವು ಗಂಡಸರವು. ಆಕ್ಷೇಪ ನ್ಯಾಯವಾದದ್ದೇ. ಋತುಚಕ್ರದೊಂದಿಗೆ ಹಿಗ್ಗುವಿಕೆಯ ಅಂಕಿಯೂ ಏರಿಳಿಯುತ್ತದೆ ಎಂದು 1995ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದರು: ಮುಟ್ಟಿನ ದಿನಗಳಲ್ಲಿ ಕಡಿಮೆ, ಈಸ್ಟ್ರೊಜೆನ್ ಏರಿದ ದಿನಗಳಲ್ಲಿ ಹೆಚ್ಚು. ಇದನ್ನು ಲೆಕ್ಕಕ್ಕೆ ಹಿಡಿಯುವುದು ತ್ರಾಸದ ಕೆಲಸ. ಆ ತ್ರಾಸವನ್ನು ತಪ್ಪಿಸಿಕೊಳ್ಳಲು ಅನೇಕರು ಹೆಂಗಸರನ್ನೇ ಬಿಟ್ಟು ಪ್ರಯೋಗ ನಡೆಸಿದರು. ಸ್ನಾಯುವಿನ ಸೂಕ್ಷ್ಮನಾಳಗಳಲ್ಲಿ ಈ ಕಿಣ್ವ ಸೈಕಲ್ ತರಬೇತಿಯಿಂದ ಹೆಚ್ಚುವುದನ್ನು 2013ರಲ್ಲಿ ಅಂದವಾಗಿ ತೋರಿಸಿದ ಬ್ರಿಟಿಷ್ ಅಧ್ಯಯನದಲ್ಲಿದ್ದವರು ಹದಿನಾರು ಮಂದಿ, ಎಲ್ಲರೂ ಯುವಕರು. ಆದರೂ ಕಣಜ ಪೂರ್ತಿ ಬರಿದಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವ್ಯಾಯಾಮದ ರೂಢಿಯಿಲ್ಲದ ಇಪ್ಪತ್ತು ಮಂದಿಯಲ್ಲಿ ಹತ್ತು ಯುವತಿಯರು, ಹತ್ತು ಯುವಕರು. ಸರಾಸರಿ ವಯಸ್ಸು ಇಪ್ಪತ್ತಮೂರರ ಸುಮಾರು. ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ 40ರಿಂದ 60 ನಿಮಿಷ ಮಧ್ಯಮ ವೇಗದಲ್ಲಿ ಸೈಕಲ್ ತುಳಿಯಿತು. ಇನ್ನೊಂದು ಗುಂಪು ವಾರಕ್ಕೆ ಮೂರೇ ದಿನ, ದಿನಕ್ಕೆ ನಾಲ್ಕರಿಂದ ಆರು ಬಾರಿ, ಪ್ರತಿ ಬಾರಿ 30 ಸೆಕೆಂಡ್ ಪೂರ್ತಿ ಶಕ್ತಿ ಹಾಕಿ ತುಳಿಯಿತು. ಆರು ವಾರ ಕಳೆದಾಗ ಎರಡೂ ಗುಂಪುಗಳಲ್ಲಿ ಮಂಡಿ ಹಿಂದಿನ ಅಪಧಮನಿಯ ಹಿಗ್ಗುವಿಕೆ, ಮೆದುತನ ಎರಡೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಸುಧಾರಿಸಿದ್ದವು. ಕುತ್ತಿಗೆಯ ದೊಡ್ಡ ಅಪಧಮನಿಯ ಮೆದುತನ ಮಾತ್ರ ಬದಲಾಗಲಿಲ್ಲ. ದುಡಿದ ಕಾಲಿನಲ್ಲಿ ಅಳೆದರೆ ಯುವವಯಸ್ಸಿನಲ್ಲೂ ಫಲ ಕಾಣುತ್ತದೆ, ಹೃದಯಕ್ಕೆ ಹತ್ತಿರದ ದೊಡ್ಡ ನಾಳಗಳಲ್ಲಿ ಆರು ವಾರ ಸಾಲದು ಎಂದು ಇದರಿಂದ ತಿಳಿಯಬಹುದು.

ದೊಡ್ಡ ನಾಳಗಳು ಪೆಡಸಾಗುವುದು ದಶಕಗಳ ವ್ಯವಹಾರ. ಹೃದಯ ಒಮ್ಮೆ ಬಡಿದಾಗ ಏಳುವ ಒತ್ತಡದ ಅಲೆ ಮಹಾಪಧಮನಿಯಲ್ಲಿ ಎಷ್ಟು ವೇಗವಾಗಿ ಸಾಗುತ್ತದೆಂದು ನೋಡಿ ಪೆಡಸುತನವನ್ನು ಅಳೆಯುತ್ತಾರೆ. ಗೋಡೆ ಗಡುಸಾದಷ್ಟೂ ಅಲೆ ವೇಗವಾಗಿ ಓಡುತ್ತದೆ. ಐರೋಪ್ಯ ಮಾರ್ಗಸೂಚಿಗಳು ಸೆಕೆಂಡಿಗೆ 10 ಮೀಟರ್ ಮೀರಿದರೆ ಅಪಾಯದ ಗುರುತೆಂದು ಹೇಳುತ್ತವೆ. ಹಿರೋಫುಮಿ ತನಾಕಾ, ಡಗ್ಲಸ್ ಸೀಲ್ಸ್ ಮತ್ತು ಸಂಗಡಿಗರು 1998ರಲ್ಲಿ ಹೆಂಗಸರನ್ನೇ ಆಯ್ದು ಮಾಡಿದ ಅಧ್ಯಯನದ ಫಲಿತಾಂಶ ಇಲ್ಲಿ ನಿರ್ಣಾಯಕ. ಕೂತೇ ಬದುಕುವವರಲ್ಲಿ ಋತುಬಂಧ ದಾಟಿದವರ ಮಹಾಪಧಮನಿ ಕಿರಿಯರದಕ್ಕಿಂತ ಸ್ಪಷ್ಟವಾಗಿ ಪೆಡಸಾಗಿತ್ತು. ಸಹನಶಕ್ತಿಯ ವ್ಯಾಯಾಮ ರೂಢಿಸಿಕೊಂಡವರಲ್ಲಿ ಹಿರಿಯರಿಗೂ ಕಿರಿಯರಿಗೂ ಆ ವ್ಯತ್ಯಾಸ ಕಾಣಲಿಲ್ಲ. ಒಂದೇ ಕಾಲದಲ್ಲಿ ಬೇರೆ ಬೇರೆ ವಯಸ್ಸಿನವರನ್ನು ಹೋಲಿಸಿದ ಅಧ್ಯಯನವಾದ್ದರಿಂದ ಸ್ವಭಾವತಃ ಗಟ್ಟಿಯಾದವರೇ ವ್ಯಾಯಾಮದಲ್ಲಿ ಉಳಿದುಕೊಂಡಿರಬಹುದು ಎಂಬ ಸಂಶಯಕ್ಕೆ ಎಡೆಯಿದೆ. ಹಾಗಿದ್ದರೂ ಕಾರ್ಯವಿಧಾನ, ಕಾಲುಗಳಲ್ಲಿ ಕಂಡ ಬದಲಾವಣೆ, ಈ ಹೋಲಿಕೆ ಮೂರೂ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ.

ಹಾಗಾದರೆ ನಲವತ್ತೈದಕ್ಕೆ ಆರಂಭಿಸಿದರೆ ಸಾಲದೇ ಎಂಬುದು ಮುಂದಿನ ಪ್ರಶ್ನೆ. ಈ ಲೇಖನದ ವಾದ ನಿಂತಿರುವುದು ಇದರ ಉತ್ತರದ ಮೇಲೆ. ಅಮೆರಿಕದ ಕೊಲರಾಡೊದಲ್ಲಿ ಸೀಲ್ಸ್ ಬಳಗ 2011ರಲ್ಲಿ ವರದಿ ಮಾಡಿದಂತೆ, ಎಂಟು ವಾರ ಬಿರುಸಾಗಿ ನಡೆದ ನಡುವಯಸ್ಸಿನ ಮತ್ತು ಹಿರಿಯ ಗಂಡಸರಲ್ಲಿ ತೋಳಿನ ಅಪಧಮನಿಯ ಹಿಗ್ಗುವಿಕೆ ಸುಮಾರು ಅರ್ಧದಷ್ಟು ಹೆಚ್ಚಿತು; ಅಷ್ಟೇ ನಡೆದ, ಮುಟ್ಟು ನಿಂತ ಹೆಂಗಸರಲ್ಲಿ ಏನೂ ಬದಲಾಗಲಿಲ್ಲ. ಎರಡು ವರ್ಷದ ನಂತರ ಕೆರಿ ಮೊರೊ ಮತ್ತು ಸಂಗಡಿಗರು ಅಂಥ ಹೆಂಗಸರಿಗೆ ಈಸ್ಟ್ರೊಜೆನ್ ಕೊಟ್ಟು ವ್ಯಾಯಾಮ ಮಾಡಿಸಿದಾಗ ನಾಳಗಳು ಸುಧಾರಿಸಿದವು. ಔಷಧವಿಲ್ಲದ ಮಾತ್ರೆ ಪಡೆದು ಅಷ್ಟೇ ವ್ಯಾಯಾಮ ಮಾಡಿದವರದು ಸುಧಾರಿಸಲಿಲ್ಲ. ಈಸ್ಟ್ರೊಜೆನ್ನೂ ರಕ್ತದ ಎಳೆತವೂ ಒಂದೇ ಕಿಣ್ವದ ಮೇಲೆ ಕೆಲಸ ಮಾಡುತ್ತವೆ. ಮೊದಲನೆಯದು ಇಲ್ಲದಾಗ ಎರಡನೆಯದರ ಕರೆಗೆ ಒಳಪೊರೆ ಅಷ್ಟಾಗಿ ಓಗೊಡುವುದಿಲ್ಲ. ಇದಕ್ಕೆ ವಿರುದ್ಧವಾಗಿ ಕಾಣುವ ಫಲಿತಾಂಶವೂ ಉಂಟು, ಅದು ಕ್ರೋಗ್ ಕೆಲಸ ಮಾಡಿದ ಕೋಪನ್‌ಹೇಗನ್ನಿನದು. ಅಲ್ಲಿ ಋತುಬಂಧದ ಈಚೆ ಮತ್ತು ಆಚೆ ಇದ್ದ, ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲದ ಹೆಂಗಸರು ಮೂರು ತಿಂಗಳು ಸ್ಪಿನ್ನಿಂಗ್ ತರಗತಿಗೆ ಹೋದರು. ಮುಟ್ಟು ನಿಂತು ಹೆಚ್ಚು ಕಾಲವಾಗಿರದವರಲ್ಲಿ ಕುಗ್ಗಿದ್ದ ನಾಳಗಳ ಪ್ರತಿಕ್ರಿಯೆ ತರಬೇತಿಯಿಂದ ಚೇತರಿಸಿಕೊಂಡಿತು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ವಿರೋಧ ಕರಗುತ್ತದೆ: ಈಸ್ಟ್ರೊಜೆನ್ ಇಳಿದು ಬಹಳ ಕಾಲವಾಗುವ ಮುಂಚೆ ಆರಂಭಿಸಿದರೆ ಫಲ, ತಡವಾದಷ್ಟೂ ಕಷ್ಟ. ಸಂಕೇತ ಅತ್ಯಂತ ಸ್ಪಷ್ಟವಾಗಿ ಕೇಳಿಸುವುದು ಯೌವನದಲ್ಲಿ. ತೋಳಿನ ಅಳತೆಯಲ್ಲಿ ಲಾಭ ಅಷ್ಟಾಗಿ ಕಾಣದಿರುವುದೂ ಆ ವಯಸ್ಸಿನಲ್ಲೇ. ಈ ವಿಚಿತ್ರವನ್ನು ಮರೆತು ಯುವತಿಯರ ಎಂಟು ವಾರದ ಅಂಕಿಗಳನ್ನು ರೋಗಿಗಳ ಅಂಕಿಗಳ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ.

ಯೌವನದಲ್ಲೇ ನಾಳಗಳು ಸೋತಿರುವವರೂ ಇದ್ದಾರೆ, ಅವರಲ್ಲಿ ಅಂಕಿಗಳೂ ಮಾತಾಡುತ್ತವೆ. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಓಎಸ್ ಇರುವವರಲ್ಲಿ ಇನ್ಸುಲಿನ್ ಪ್ರತಿರೋಧದ ಜೊತೆಗೆ ಒಳಪೊರೆಯ ಕೆಲಸವೂ ಕುಂದಿರುತ್ತದೆ. ಲಿವರ್‌ಪೂಲಿನಲ್ಲಿ 2013ರಲ್ಲಿ ವರದಿಯಾದ ಹದಿನಾರು ವಾರಗಳ ಮೇಲ್ವಿಚಾರಣೆಯ ವ್ಯಾಯಾಮದಿಂದ ಇಂಥವರಲ್ಲಿ ಹಿಗ್ಗುವಿಕೆ ಸುಧಾರಿಸಿತು, ಅದೂ ದೇಹದ ಕೊಬ್ಬು ಇಳಿಯದೆಯೇ. ಜಿಮ್ಮುಗಳ ಜಾಹೀರಾತು ಕಿಲೋಗಳಲ್ಲಿ ಮಾತಾಡುವ ಈ ಕಾಲದಲ್ಲಿ ಇದನ್ನು ಎತ್ತಿ ಹೇಳಬೇಕು. ಸೈಕಲ್ ತುಳಿದೂ ತೂಕ ಇಳಿಯದ ಹುಡುಗಿ ಬೇಸರಪಟ್ಟು ಬಿಟ್ಟುಬಿಟ್ಟರೆ ನಾಳಗಳಿಗೆ ಸಿಗುತ್ತಿದ್ದದ್ದೂ ಹೋಯಿತು. ಬಸಿರಿನಲ್ಲಿ ರಕ್ತದೊತ್ತಡ ಏರುವ ಪ್ರಿ-ಎಕ್ಲಾಂಪ್ಸಿಯಾ ಅನುಭವಿಸಿದವರಲ್ಲಿ ಹೆರಿಗೆಯ ನಂತರವೂ ಒಳಪೊರೆ ದುರ್ಬಲವಾಗಿ ಉಳಿಯಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಹನ್ನೆರಡು ವಾರ ತರಬೇತಿ ಪಡೆದ ಇಂಥ ತಾಯಂದಿರ ನಾಳಗಳು ಉತ್ತಮಗೊಂಡವು, ಆದರೆ ಆರೋಗ್ಯವಂತ ತಾಯಂದಿರ ಮಟ್ಟವನ್ನು ಮುಟ್ಟಲಿಲ್ಲ. ತೂಕ, ಕೊಲೆಸ್ಟರಾಲ್, ರಕ್ತದೊತ್ತಡಗಳ ಬದಲಾವಣೆಯೊಂದೇ ವ್ಯಾಯಾಮದ ಉಪಕಾರವನ್ನು ಪೂರ್ತಿ ವಿವರಿಸದು ಎಂಬುದಕ್ಕೆ ದೊಡ್ಡ ಪ್ರಮಾಣದ ಪುರಾವೆಯೂ ಇದೆ: ಅಮೆರಿಕದ 27,055 ಮಹಿಳೆಯರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ ಅಧ್ಯಯನದಲ್ಲಿ, 2007ರ ವರದಿಯಂತೆ, ಚಟುವಟಿಕೆಯಿಂದ ತಗ್ಗಿದ ಹೃದ್ರೋಗದ ಅಪಾಯದಲ್ಲಿ ಶೇಕಡಾ 59ರಷ್ಟನ್ನು ಮಾತ್ರ ಗೊತ್ತಿರುವ ಅಂಶಗಳು ವಿವರಿಸಿದವು. ಉಳಿದದ್ದರಲ್ಲಿ ನಾಳದ ಗೋಡೆಯ ನೇರ ಪಾಲು ಇರಬಹುದೆಂಬುದು ಸಂಶೋಧಕ ಡ್ಯಾನಿಯಲ್ ಗ್ರೀನ್ ಮೊದಲಾದವರ ವಾದ.

ಸೈಕಲ್ಲೇ ಏಕೆ, ನಡೆದರೆ ಸಾಲದೇ? ಸಾಲುತ್ತದೆ, ಒಳಪೊರೆಗೆ ಯಂತ್ರದ ಹೆಸರು ಗೊತ್ತಿಲ್ಲ. ಸೈಕಲ್ಲಿನ ಹೆಚ್ಚುಗಾರಿಕೆ ಮಂಡಿಗೆ ಪೆಟ್ಟು ಬೀಳದಿರುವುದು, ಕೆಲಸವನ್ನು ವಾಟ್‌ಗಳಲ್ಲಿ ಅಳೆದು ಹೆಚ್ಚಿಸಬಹುದಾದದ್ದು, ಮಳೆ, ಬಿಸಿಲು, ರಸ್ತೆ, ಹೊತ್ತು ಯಾವುದರ ಹಂಗೂ ಇಲ್ಲದಿರುವುದು. ಕೊನೆಯದು ಭಾರತದಲ್ಲಿ ಸಣ್ಣ ಮಾತಲ್ಲ. 2024ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ 2022ರಲ್ಲಿ ಭಾರತದ ಸುಮಾರು ಶೇಕಡಾ 57 ಮಹಿಳೆಯರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ, ಪುರುಷರಲ್ಲಿ ಈ ಪ್ರಮಾಣ ಶೇಕಡಾ 42. ಕತ್ತಲಾದ ಮೇಲೆ ಬೀದಿಯಲ್ಲಿ ಓಡುವ ಧೈರ್ಯ ಎಲ್ಲ ಹೆಣ್ಣುಮಕ್ಕಳಿಗೂ ಬರುವವರೆಗೆ ನಾಲ್ಕು ಗೋಡೆಯ ಒಳಗಿನ ಯಂತ್ರಕ್ಕೆ ಅದರದೇ ಬೆಲೆ ಇದೆ. ಪ್ರಮಾಣದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ಶ್ರಮ. ಬಿರುಸನ್ನು ನಾಡಿಬಡಿತದಿಂದ ಅಳೆಯುವವರು 220ರಿಂದ ವಯಸ್ಸು ಕಳೆಯುವ ಸೂತ್ರವನ್ನು ಹೆಂಗಸರಿಗೆ ಹಾಗೆಯೇ ಹಾಕಬಾರದು. 35 ದಾಟಿದ ಸಾವಿರಾರು ಮಹಿಳೆಯರ ಪರೀಕ್ಷೆಯಿಂದ 2010ರಲ್ಲಿ ಬಂದ ಸೂತ್ರ 206ರಿಂದ ವಯಸ್ಸಿನ 0.88 ಪಟ್ಟನ್ನು ಕಳೆಯಲು ಹೇಳುತ್ತದೆ. ನಲವತ್ತರವರಿಗೆ ಹಳೆಯ ಸೂತ್ರ 180 ಕೊಟ್ಟರೆ ಇದು 171 ಕೊಡುತ್ತದೆ.

ಸೈಕಲ್ಲಿನಿಂದ ಆಗದ ಕೆಲಸವೂ ಇದೆ. ದೇಹದ ಭಾರ ಸೀಟಿನ ಮೇಲಿರುವುದರಿಂದ ಎಲುಬಿಗೆ ಬೇಕಾದ ಪೆಟ್ಟು ಸಿಗುವುದಿಲ್ಲ. ಎಲುಬು ಗಟ್ಟಿಗೊಳ್ಳುವ ವಯಸ್ಸಿನ ಹುಡುಗಿಯರು ಕುಪ್ಪಳಿಸುವ, ಭಾರ ಎತ್ತುವ ಕಸರತ್ತನ್ನೂ ಸೇರಿಸಿಕೊಳ್ಳಬೇಕು. ಆದರೆ ಭಾರವಾದ ತೂಕ ಎತ್ತುವುದೊಂದನ್ನೇ ಹಿಡಿದರೆ ದೊಡ್ಡ ಅಪಧಮನಿ ತುಸು ಪೆಡಸಾಗಬಹುದೆಂದು 2005ರಲ್ಲಿ ಯುವತಿಯರ ಮೇಲೆಯೇ ನಡೆದ ಹನ್ನೊಂದು ವಾರಗಳ ಅಧ್ಯಯನ ಸೂಚಿಸಿದೆ. ಎರಡನ್ನೂ ಬೆರೆಸುವುದೇ ಜಾಣತನ.

ಅತಿಯಾದರೆ ಏನು ಎಂಬ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ವೃತ್ತಿಪರ ಸೈಕಲ್ ಪಟುಗಳಲ್ಲಿ, ವರ್ಷಗಟ್ಟಲೆ ಬಾಗಿ ತುಳಿದದ್ದರಿಂದ, ಸೊಂಟದ ಅಪಧಮನಿಯ ಗೋಡೆ ದಪ್ಪಗಟ್ಟುವ ಅಪರೂಪದ ತೊಂದರೆ ಕಾಣಿಸುತ್ತದೆ. ವಾರಕ್ಕೆ ಮೂರು ದಿನ ತುಳಿಯುವವರು ಇದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಮೊದಲ ದಿನದ ಹುರುಪಿಗೆ. ಅಭ್ಯಾಸವಿಲ್ಲದವರು ಮೊದಲ ಸ್ಪಿನ್ನಿಂಗ್ ತರಗತಿಯಲ್ಲೇ ಬೋಧಕರ ಜೊತೆ ಪೂರ್ತಿ ಗಂಟೆ ತುಳಿದು, ತೊಡೆಯ ಸ್ನಾಯು ಕರಗಿ, ಕಾಫಿ ಬಣ್ಣದ ಮೂತ್ರದೊಂದಿಗೆ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಅದಕ್ಕಿಂತ ಸೂಕ್ಷ್ಮವಾದ ಅಪಾಯ ಊಟ ಕಡಿಮೆ ಮಾಡಿ ವ್ಯಾಯಾಮ ಹೆಚ್ಚಿಸುವವರದು. ಶಕ್ತಿಯ ಕೊರತೆಯಿಂದ ಮುಟ್ಟು ನಿಂತ ಕ್ರೀಡಾಪಟುಗಳ ಅಪಧಮನಿ, ಮುಟ್ಟು ಸರಿಯಾಗಿರುವ ಕ್ರೀಡಾಪಟುಗಳದಕ್ಕಿಂತ ಬಹಳ ಕಡಿಮೆ ಹಿಗ್ಗುತ್ತದೆಂದು 2003ರಲ್ಲಿ ಕಂಡುಬಂತು. ವ್ಯಾಯಾಮ ಇದ್ದೂ ಈಸ್ಟ್ರೊಜೆನ್ ಇಲ್ಲದಾಗ ಇಪ್ಪತ್ತರ ನಾಳ ಐವತ್ತರದಂತೆ ವರ್ತಿಸುತ್ತದೆ. ಮೇಲಿನ ವಾದವನ್ನು ಕದಲಿಸುವ ಬದಲು ಇದು ಇನ್ನೊಂದು ಬದಿಯಿಂದ ಗಟ್ಟಿಗೊಳಿಸುತ್ತದೆ. ತಿಂಗಳ ಮುಟ್ಟು ತಪ್ಪತೊಡಗಿದರೆ ಪೆಡಲಿನ ತಡೆಯನ್ನಲ್ಲ, ತಟ್ಟೆಯ ಅನ್ನವನ್ನು ಹೆಚ್ಚಿಸಬೇಕು, ವೈದ್ಯರನ್ನೂ ಕಾಣಬೇಕು.

ನಮ್ಮಲ್ಲಿ ಈ ಎಚ್ಚರಿಕೆಗಳ ಜೊತೆಗೆ ರಕ್ತಹೀನತೆಯೂ ಗಮನದಲ್ಲಿರಬೇಕು. 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ, ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆಯಿದ್ದಾಗ ಅಷ್ಟೇ ಆಮ್ಲಜನಕ ಒದಗಿಸಲು ಹೃದಯ ಹೆಚ್ಚು ಬಾರಿ ಬಡಿಯುತ್ತದೆ. ನಾಡಿಬಡಿತ ಅಳೆಯುವ ಕೈಗಡಿಯಾರ 'ಬಿರುಸು' ಎಂದು ತೋರಿಸುವಾಗ ಕಾಲು ಇನ್ನೂ ಹಗುರಾಗಿಯೇ ತುಳಿಯುತ್ತಿರಬಹುದು. ಅದೇ ತಡೆ, ಅದೇ ವೇಗಕ್ಕೆ ಏದುಸಿರು ಬೇಗ ಬರುವ ಹುಡುಗಿಗೆ ಸೋಮಾರಿತನದ ಹಣೆಪಟ್ಟಿ ಹಚ್ಚುವ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಬ್ಬಿಣಾಂಶದ ಕೊರತೆ ಸರಿಹೋದ ಮೇಲೆ ಅದೇ ನಾಡಿಬಡಿತಕ್ಕೆ ವಾಟ್ ಏರುವುದನ್ನು ಸೈಕಲ್ಲಿನ ಪರದೆಯೇ ತೋರಿಸುತ್ತದೆ.